ಡಿಸೈನ್ ಕೆಲಸಕ್ಕೆ ಕಂಪ್ಯೂಟರ್: ಮೊದಲು ಸ್ಕ್ರೀನ್, ಆಮೇಲೆ ಡಬ್ಬ

ಗ್ರಾಫಿಕ್ ಡಿಸೈನ್‌ಗೆ ಒಂದು ಕಂಪ್ಯೂಟರ್ ಬೇಕು ಅಂತ ಯಾವ ಅಂಗಡಿಗೆ ಹೋದರೂ ಮೊದಲು ಟೇಬಲ್ ಮೇಲೆ ಬಂದು ಕೂರುವುದು ಗ್ರಾಫಿಕ್ಸ್ ಕಾರ್ಡ್. ಆಮೇಲೆ ಬಣ್ಣಬಣ್ಣದ ದೀಪ ಹತ್ತುವ ಗಾಜಿನ ಕ್ಯಾಬಿನೆಟ್. ಕೊನೆಗೆ, ದುಡ್ಡೆಲ್ಲ ಅಲ್ಲೇ ಮುಗಿದ ಮೇಲೆ, "ಮಾನಿಟರ್ ಯಾವುದಾದ್ರೂ ಒಂದು ಹಾಕಿ ಕೊಡ್ತೀನಿ ಬಿಡಿ ಸಾರ್" ಅನ್ನುವ ಮಾತು. ಈ ಲೆಕ್ಕ ಪೂರ್ತಿ ತಲೆಕೆಳಗು. ಮದುವೆ ಕಾರ್ಡ್, ಪುಸ್ತಕದ ಮುಖಪುಟ, ಕರಪತ್ರ, ಬ್ಯಾನರ್ ಇವೇ ನಿಮ್ಮ ದಿನದ ಕೆಲಸ ಅಂದರೆ ದುಡ್ಡು ಮೊದಲು ಹೋಗಬೇಕಾದ್ದು ಸ್ಕ್ರೀನ್‌ಗೆ. ಆಮೇಲೆ ರ‍್ಯಾಮ್‌ಗೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ. ನಾನು ಹಾಗೇ ಕಟ್ಟಿಸಿಕೊಂಡೆ, ಅದರ ಮೇಲೇ ಕೆಲಸ ಮಾಡುತ್ತಿದ್ದೇನೆ, ಹೇಗಿದೆ ಅಂತ ಹೇಳುತ್ತೇನೆ.

ನನ್ನ ಕೆಲಸ ಶಿವಮೊಗ್ಗದಲ್ಲಿ, ಬಹುಪಾಲು ಕನ್ನಡದ ಅಚ್ಚಿನ ಕೆಲಸ. ವಿಡಿಯೊ ಎಡಿಟಿಂಗ್ ಇಲ್ಲ, ತ್ರೀಡಿ ಇಲ್ಲ. ಹಳೇ ಮೆಷಿನ್ ಕೆಟ್ಟಿರಲಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, ಆ ಮೆಷಿನ್‌ಗೆ ವಿಂಡೋಸ್ 11 ಹತ್ತುವುದಿಲ್ಲ. ಪ್ರೆಸ್‌ಗಳಲ್ಲಿ ಇನ್ನೂ ವಿಂಡೋಸ್ 7, ಅದರ ಮೇಲೆ 2001ರಲ್ಲಿ ಬಂದ, ಪುಟ ಜೋಡಿಸುವ ಪೇಜ್‌ಮೇಕರ್ 7 ಇಟ್ಟುಕೊಂಡು ಆರಾಮಾಗಿ ಕೆಲಸ ತೆಗೆಯುವವರಿದ್ದಾರೆ, ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಇಡೀ ದಿನ ಇಂಟರ್ನೆಟ್, ವಾಟ್ಸಾಪ್ ವೆಬ್, ಗ್ರಾಹಕರ ಪೆನ್‌ಡ್ರೈವ್ ಎಲ್ಲ ಅದೇ ಮೆಷಿನ್‌ಗೆ ಹೋಗುವಾಗ ಸುಮ್ನೆ ರಿಸ್ಕ್ ಯಾಕೆ?

ತೆಗೆದುಕೊಂಡದ್ದು ಇದು. ಎಎಂಡಿ ರೈಜನ್ 7 7700 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ಕಡ್ಡಿ ಸೇರಿ 32 ಜಿಬಿ ರ‍್ಯಾಮ್, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡಿಸ್ಕ್), ಒಂದು ಸಾದಾ ಕಪ್ಪು ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಗತಿ. ಸ್ಕ್ರೀನ್ ಏಸಸ್ ಪ್ರೊಆರ್ಟ್ ಪಿಎ278ಕ್ಯೂವಿ, 27 ಇಂಚು.

ಸ್ಕ್ರೀನ್ ಮಾತು ಮೊದಲು, ಯಾಕೆಂದರೆ ನನಗೆ ದಿನಾ ಕಾಣುವುದು ಅದು. ಅದರ ರೆಸಲ್ಯೂಶನ್ 2560 × 1440, ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ (ಸ್ಕ್ರೀನ್‌ಗಳ ಸಾಮಾನ್ಯ ಬಣ್ಣದ ಅಳತೆ) ಬಣ್ಣ ನೂರಕ್ಕೆ ನೂರು, ಕಾರ್ಖಾನೆಯಲ್ಲೇ ಬಣ್ಣ ಸರಿಮಾಡಿ ಕಳಿಸುತ್ತಾರೆ, ಡೆಲ್ಟಾ ಇ 2ಕ್ಕಿಂತ ಕಡಿಮೆ ಎಂದು ಕಂಪನಿ ಹೇಳುತ್ತದೆ. ಡೆಲ್ಟಾ ಇ ಅಂದರೆ ಇರಬೇಕಾದ ಬಣ್ಣಕ್ಕೂ ಕಾಣುವ ಬಣ್ಣಕ್ಕೂ ಇರುವ ವ್ಯತ್ಯಾಸ, ಕಡಿಮೆ ಇದ್ದಷ್ಟೂ ಒಳ್ಳೆಯದು. ಇದೆಲ್ಲ ಡಬ್ಬದ ಮೇಲೆ ಬರೆದಿರುವುದೇ. ನನಗೆ ಇಷ್ಟವಾದದ್ದು ಬೇರೆ. ಈ ಸ್ಕ್ರೀನ್‌ನ ಅಗಲ ಹತ್ತಿರ ಹತ್ತಿರ 60 ಸೆಂಟಿಮೀಟರ್, ಎತ್ತರ 33ರ ಮೇಲೆ. ಡೆಮಿ 1/8 ಪುಸ್ತಕದ ಮುಖಪುಟ, ಬೆನ್ನು, ಹಿಂಪುಟ ಮೂರೂ ಸೇರಿಸಿ ಬಿಚ್ಚಿಟ್ಟರೂ ಅಚ್ಚಾಗುವ ಅಳತೆಯಲ್ಲೇ, ಒಂದು ಇಂಚೂ ಕುಗ್ಗಿಸದೆ ನೋಡಬಹುದು, ಪಕ್ಕದಲ್ಲಿ ಟೂಲ್‌ಗಳಿಗೂ ಜಾಗ ಉಳಿಯುತ್ತದೆ. ಲೇಖಕರು ಬಂದು ಎದುರಿಗೆ ಕೂತಾಗ "ಹೆಸರು ಇನ್ನೂ ಸ್ವಲ್ಪ ದೊಡ್ಡದು ಮಾಡಿ" ಅನ್ನುತ್ತಾರಲ್ಲ, ಆಗ ಪಕ್ಕಕ್ಕೆ ಒಂದು ಪುಸ್ತಕ ಹಿಡಿದು "ನೋಡಿ ಸಾರ್, ಕೈಯಲ್ಲಿ ಹಿಡಿದರೆ ಇಷ್ಟೇ ಕಾಣುತ್ತದೆ" ಅಂದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಸ್ಟ್ಯಾಂಡ್ ಮೇಲೆ ಕೆಳಗೆ ಆಗುತ್ತದೆ, ಸ್ಕ್ರೀನ್ ಉದ್ದಕ್ಕೆ ನಿಲ್ಲಿಸಲೂಬಹುದು. ಕರಪತ್ರ, ಲಗ್ನಪತ್ರಿಕೆ ನೋಡಲು ಅದು ಒಳ್ಳೆಯದು, ಆದರೆ ನಿಜ ಹೇಳಬೇಕೆಂದರೆ ತಿರುಗಿಸುವುದು ಅಪರೂಪ.

ಅಗ್ಗದ ಸ್ಕ್ರೀನ್‌ನಲ್ಲಿ ಏನು ಕಷ್ಟ ಅಂತ ಕೇಳುವವರು ಸ್ಪೆಕ್ ಪಟ್ಟಿಯಲ್ಲಿ '45% ಎನ್‌ಟಿಎಸ್‌ಸಿ' ಅಂತ ಬರೆದಿರುತ್ತದೆ ನೋಡಿ, ಅದನ್ನು ಹುಡುಕಿ, ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದಕ್ಕೆ ಅದು ಇನ್ನೊಂದು ಅಳತೆ. ಬಹಳಷ್ಟು ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಅದೇ. ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಅದು ನೂರಕ್ಕೆ ಅರವತ್ತರ ಆಸುಪಾಸು. ಅಂದರೆ ಫೈಲ್‌ನಲ್ಲಿರುವ ಕುಂಕುಮದ ಕೆಂಪು ಅಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ನೀವು ಅದನ್ನು ನೋಡಿ ಇನ್ನಷ್ಟು ಕೆಂಪು ಸುರಿಯುತ್ತೀರಿ. ಗ್ರಾಹಕರು ತಮ್ಮ ಫೋನ್‌ನಲ್ಲಿ ನೋಡುತ್ತಾರೆ, ಈಗಿನ ಫೋನ್‌ಗಳ ಸ್ಕ್ರೀನ್ ಅದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ, ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಅಚ್ಚಾಗಿ ಬಂದದ್ದು ಮೂರನೆಯ ಥರ. ಸಾವಿರ ಮದುವೆ ಕಾರ್ಡ್ ಅಚ್ಚಾದ ಮೇಲೆ ಈ ಮೂರು ಕೆಂಪುಗಳ ಪಂಚಾಯ್ತಿ ಮಾಡುವುದಕ್ಕಿಂತ ಮೊದಲೇ ಸ್ಕ್ರೀನ್‌ಗೆ ಇಪ್ಪತ್ತೈದು ಮೂವತ್ತು ಸಾವಿರ ಕೊಡುವುದು ಮೇಲು.

ಒಳ್ಳೆಯ ಸ್ಕ್ರೀನ್ ತಂದ ಮಾತ್ರಕ್ಕೆ ಕಾಣುವ ಬಣ್ಣವೇ ಅಚ್ಚಾಗುತ್ತದೆ ಅಂತಲ್ಲ. ಡಬ್ಬದಿಂದ ತೆಗೆದಾಗ ಯಾವ ಸ್ಕ್ರೀನ್ ಆದರೂ ಅಚ್ಚಿನ ಕೆಲಸಕ್ಕೆ ಅತಿ ಬೆಳಕಾಗಿರುತ್ತದೆ. ಕಾಗದ ತಾನಾಗಿ ಹೊಳೆಯುವುದಿಲ್ಲವಲ್ಲ. ಬೆಳಕು 120 ಕ್ಯಾಂಡೆಲಾ ಹತ್ತಿರಕ್ಕೆ ಇಳಿಸಿ, ಬಣ್ಣದ ಉಷ್ಣತೆ 6500 ಕೆಲ್ವಿನ್, ಗ್ಯಾಮಾ 2.2 ಇಟ್ಟುಕೊಳ್ಳಿ. ಮೊದಲ ದಿನ ಮಂಕು ಅನ್ನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ, ಸಂಜೆಗೆ ಕಣ್ಣುರಿಯೂ ಕಡಿಮೆ. ಇನ್ನು ಪೂರ್ತಿ ನೀಲಿ, ಆರ್‌ಜಿಬಿಯಲ್ಲಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ) 0, 0, 255 ಇರುತ್ತದಲ್ಲ, ಅದು ಯಾವ ಸ್ಕ್ರೀನ್ ತಂದರೂ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ) ಹೋದಾಗ ನೇರಳೆ ಕಡೆಗೇ ವಾಲುತ್ತದೆ. ಅದು ಶಾಯಿಯ ಮಿತಿ. ಫೋಟೋಶಾಪ್‌ನಲ್ಲಿ ಸಿಎಂವೈಕೆ ಪ್ರೊಫೈಲ್ (ಯಾವ ಶಾಯಿ, ಯಾವ ಕಾಗದ ಅನ್ನುವ ಲೆಕ್ಕ) ಸಾಮಾನ್ಯವಾಗಿ ಅಮೆರಿಕದ ಸ್ವಾಪ್ ಅಂತ ಕೂತಿರುತ್ತದೆ, ನಿಮ್ಮ ಪ್ರೆಸ್‌ನವರನ್ನು ಕೇಳಿ ಅವರು ಹೇಳಿದ ಪ್ರೊಫೈಲ್ ಹಾಕಿಕೊಂಡು ಸಾಫ್ಟ್ ಪ್ರೂಫ್ (ಅಚ್ಚಿನ ಬಣ್ಣವನ್ನು ಸ್ಕ್ರೀನ್ ಮೇಲೇ ತೋರಿಸುವುದು) ಆನ್ ಮಾಡಿ ನೋಡಿ. ಇದಕ್ಕೆ ದುಡ್ಡು ಬೇಡ.

ಈ ಸ್ಕ್ರೀನ್‌ನ ಕೊರತೆಗಳೂ ಇವೆ. ಟೈಪ್-ಸಿ ಇಲ್ಲ. ಲ್ಯಾಪ್‌ಟಾಪ್‌ನಿಂದ ಒಂದೇ ಕೇಬಲ್‌ನಲ್ಲಿ ಚಾರ್ಜೂ ಆಗಬೇಕು ಚಿತ್ರವೂ ಬರಬೇಕು ಅನ್ನುವವರು ಇದೇ ಸಾಲಿನ ಪಿಎ278ಸಿವಿ ನೋಡಬೇಕು. ಕಾಂಟ್ರಾಸ್ಟ್ 1000:1, ಹಾಗಾಗಿ ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿಯಂತೆ ಕಾಣುತ್ತದೆ. ಒಳಗಿರುವ ಸ್ಪೀಕರ್ ಇದೆ ಅಂತ ಹೇಳಿಕೊಳ್ಳಲು ಇದೆ, ಅಷ್ಟೇ. ಮತ್ತೆ ಎಸ್‌ಆರ್‌ಜಿಬಿ ಮಾತ್ರ ಪೂರ್ತಿ ತೋರಿಸುತ್ತದೆ, ಅದಕ್ಕಿಂತ ಹೆಚ್ಚು ಬಣ್ಣ ಇರುವ ಅಡೋಬಿ ಆರ್‌ಜಿಬಿ ಅಲ್ಲ. ಅಚ್ಚಿನಲ್ಲಿ ಬರುವ ಕೆಲವು ಗಾಢ ಸಯಾನ್, ಹಸಿರು ಇದರಲ್ಲಿ ಕಾಣುವುದೇ ಇಲ್ಲ. ಆರ್ಟ್ ಪುಸ್ತಕ, ವನ್ಯಜೀವಿ ಫೋಟೋ ಅಚ್ಚು ಅಂತ ಗಂಭೀರವಾಗಿ ಮಾಡುವವರಿಗೆ ಇದು ಸಾಲದು, ಅವರು ಇದರ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ. ನನ್ನ ಕೆಲಸಕ್ಕೆ ಸಾಕು.

ಮ್ಯಾಕ್ ಯಾಕೆ ಬೇಡ ಅಂದೆ ಅಂತ ಕೇಳೇ ಕೇಳುತ್ತೀರಿ. ಬೇಡ ಅನ್ನುವುದು ಸುಲಭ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಎಂ4 ಮ್ಯಾಕ್ ಮಿನಿ ಇಲ್ಲಿ 59,900 ರೂಪಾಯಿಗೆ ಶುರುವಾಯಿತು, 16 ಜಿಬಿ ರ‍್ಯಾಮ್ ಅದರಲ್ಲೇ ಸೇರಿ. ಆ ಬೆಲೆಗೆ ಅಷ್ಟು ಚುರುಕಾದ, ಅಷ್ಟು ಸದ್ದಿಲ್ಲದ ಮೆಷಿನ್ ವಿಂಡೋಸ್ ಕಡೆ ಸಿಗುವುದು ಕಷ್ಟ, ಇದನ್ನು ಒಪ್ಪಿಕೊಳ್ಳಲೇಬೇಕು. ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮ್ಮನಿದ್ದಾಗ ತಿನ್ನುವ ಕರೆಂಟ್ ನಾಲ್ಕೇ ವ್ಯಾಟ್. ಇನ್‌ಸ್ಟಾಗ್ರಾಮ್ ಪೋಸ್ಟರ್, ಲೋಗೊ, ಫಿಗ್ಮಾದಲ್ಲಿ ಆ್ಯಪ್ ಡಿಸೈನ್ ಮಾಡುವ ಬೆಂಗಳೂರಿನ ಹುಡುಗರು ಹುಡುಗಿಯರು ಯೋಚನೆ ಮಾಡದೆ ಅದನ್ನೇ ತೆಗೆದುಕೊಳ್ಳಿ.

ಆದರೆ ಅದೇ ಮೆಷಿನ್‌ನಲ್ಲಿ ಶುರುವಿನ ಡಿಸ್ಕ್ 256 ಜಿಬಿ ಇತ್ತು. ಬಂದಾಗಿನ ಬೆಲೆಯಲ್ಲಿ 512ಕ್ಕೆ ಹೋದರೆ ಇಪ್ಪತ್ತು ಸಾವಿರ ಜಾಸ್ತಿ, ರ‍್ಯಾಮ್ 24 ಮಾಡಿದರೆ ಇನ್ನೊಂದು ಇಪ್ಪತ್ತು, ನೋಡುತ್ತಿದ್ದಂತೆ 99,900. ಆಮೇಲೆ ರ‍್ಯಾಮ್ ಸೇರಿಸೋಣ ಅಂದರೆ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತಕರಾರು ಕನ್ನಡದ್ದು. ಕನ್ನಡ ಟೈಪ್ ಮಾಡುವ, ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ಗೆ ಮಾಡಿದ್ದು. ಪ್ರೆಸ್‌ಗಳಲ್ಲಿರುವ ಹಳೇ ಲಿಪಿ ಪ್ಯಾಕೇಜ್‌ಗಳು ವಿಂಡೋಸ್‌ನವು, ಕೆಲವಕ್ಕೆ ಮೆಷಿನ್ ಹಿಂದೆ ಡಾಂಗಲ್ (ಲೈಸೆನ್ಸಿನ ಸಣ್ಣ ಕೀಲಿ) ಬೇರೆ ಚುಚ್ಚಬೇಕು. ಮ್ಯಾಕ್ ಒಳಗೇ ಪ್ಯಾರಲಲ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ ವಿಂಡೋಸ್ ಓಡಿಸಬಹುದು ಅನ್ನುತ್ತಾರೆ, ಹೌದು, ಆದರೆ ಅಲ್ಲಿ ಓಡುವುದು ಬೇರೆ ಜಾತಿಯ ಚಿಪ್‌ಗೆ ಮಾಡಿದ ಆರ್ಮ್ ವಿಂಡೋಸ್, ಹಳೇ ಡಾಂಗಲ್‌ನ ಡ್ರೈವರ್ ಅದರಲ್ಲಿ ಕೂರುವುದಿಲ್ಲ. ಕೋರಲ್‌ಡ್ರಾ 2019ರಿಂದ ಮತ್ತೆ ಮ್ಯಾಕ್‌ಗೂ ಬರುತ್ತಿದೆ, ಸಂತೋಷ. ಆದರೆ ನನ್ನ ಬಳಿ ಇರುವ ವರ್ಷಗಟ್ಟಲೆ ಹಳೆಯ ಕೋರಲ್‌ಡ್ರಾ (ಸಿಡಿಆರ್) ಫೈಲ್‌ಗಳೆಲ್ಲ ನುಡಿಯ ಹಳೇ ಫಾಂಟ್‌ಗಳಲ್ಲಿವೆ, 'ಹೋದ ವರ್ಷದ ಜಾತ್ರೆಯ ಕರಪತ್ರವೇ ಇರಲಿ, ತಾರೀಖು ಮಾತ್ರ ಬದಲಾಯಿಸಿ' ಅನ್ನುವ ಕೆಲಸಗಳು ತಿಂಗಳಿಗೆ ಎಷ್ಟೋ ಬರುತ್ತವೆ. ಅದನ್ನು ಬಿಟ್ಟು ಹೋಗಲು ಆಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. 2018ರ ಮೊಹಾವೆ ಆವೃತ್ತಿಯಿಂದ ಈಚೆಗೆ ಮ್ಯಾಕ್‌ನಲ್ಲಿ ಅಕ್ಷರದ ಅಂಚು ಚೂಪು ಮಾಡುವ ಹಳೇ ಪದ್ಧತಿ ತೆಗೆದುಹಾಕಿದ್ದಾರೆ, ಆ್ಯಪಲ್‌ಗೆ ಈಗ ಒತ್ತೊತ್ತಾದ ಪಿಕ್ಸೆಲ್ ಇರುವ ಸ್ಕ್ರೀನ್ ಬೇಕು. 27 ಇಂಚಿನ 1440 ಸ್ಕ್ರೀನ್‌ಗೆ ಮ್ಯಾಕ್ ಹಾಕಿದರೆ ಅಕ್ಷರ ಸ್ವಲ್ಪ ಮಬ್ಬು. ಇಂಗ್ಲಿಷ್‌ಗೆ ನಡೆಯುತ್ತದೆ, ನಮ್ಮ ಒತ್ತಕ್ಷರಗಳ ಕೆಳಗಿನ ಸುಳಿ ಸಣ್ಣ ಸೈಜಿನಲ್ಲಿ ಕಲಸಿಕೊಳ್ಳುತ್ತದೆ. ಅದಕ್ಕೆ 4ಕೆ ಸ್ಕ್ರೀನೇ ಬೇಕು, ಅಂದರೆ ಖರ್ಚು ಇನ್ನೂ ಮೇಲೆ.

ರ‍್ಯಾಮ್ ವಿಷಯಕ್ಕೆ ಬರೋಣ. 16 ಸಾಲದಾ? ಫೋಟೋಶಾಪ್‌ಗೆ ಅಡೋಬಿಯವರೇ ಕನಿಷ್ಠ 8, ಚೆನ್ನಾಗಿ ಓಡಬೇಕಾದರೆ 16 ಅನ್ನುತ್ತಾರೆ. ಆದರೆ ಅವರ ಲೆಕ್ಕದಲ್ಲಿ ನಮ್ಮೂರ ಫ್ಲೆಕ್ಸ್ ಇರಲಿಕ್ಕಿಲ್ಲ. 20 ಅಡಿಗೆ 10 ಅಡಿ ಬ್ಯಾನರ್ ತೆಗೆದುಕೊಳ್ಳಿ, ಪೂರ್ತಿ ಅಳತೆಯಲ್ಲಿ 72 ಡಿಪಿಐ ಇಟ್ಟರೂ ಅದು 17,280 × 8,640 ಪಿಕ್ಸೆಲ್. ಸಿಎಂವೈಕೆಯಲ್ಲಿ ಒಂದೊಂದು ಪಿಕ್ಸೆಲ್‌ಗೆ 4 ಬೈಟ್. ಪೂರ್ತಿ ತುಂಬಿದ ಒಂದೇ ಲೇಯರ್ ಸುಮಾರು 600 ಎಂಬಿ ಆಯಿತು. ನಾಯಕರ ದೊಡ್ಡ ಫೋಟೋ, ಹಿಂದೆ ಸೂರ್ಯನ ಕಿರಣ, ಮೇಲೆ ಹಿರಿಯ ನಾಯಕರ ಸಾಲು, ಕೆಳಗೆ ಶುಭ ಕೋರುವವರ ಮುಖಗಳ ಸಾಲು, ಎಲ್ಲದಕ್ಕೂ ನೆರಳು, ಹೊಳಪು. ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ಹೋಗಲು ಫೋಟೋಶಾಪ್ ನೆನಪಿಟ್ಟುಕೊಳ್ಳುತ್ತದೆ. 16 ಜಿಬಿ ಎಲ್ಲಿ ಸಾಕು? ರ‍್ಯಾಮ್ ಮುಗಿದರೆ ಡಿಸ್ಕ್‌ನಲ್ಲಿ ಸ್ಕ್ರ್ಯಾಚ್ ಜಾಗ ಬಳಸುತ್ತದೆ, ಅದಕ್ಕೇ ಎಸ್‌ಎಸ್‌ಡಿಯಲ್ಲಿ ಯಾವಾಗಲೂ ನೂರು ಜಿಬಿಯಾದರೂ ಖಾಲಿ ಬಿಡಿ. ಫೈಲ್ 2 ಜಿಬಿ ದಾಟಿದರೆ ಪಿಎಸ್‌ಡಿಯಲ್ಲಿ ಸೇವ್ ಆಗುವುದಿಲ್ಲ, ದೊಡ್ಡ ಫೈಲ್‌ಗಳಿಗಿರುವ ಪಿಎಸ್‌ಬಿ ಮಾಡಬೇಕು. (ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಊರಿನ ಸರ್ಕಲ್‌ನಲ್ಲಿ ನಿಂತು ನೋಡಿದರೆ ನಿಮಗೆ ಹಾಗನ್ನಿಸುವುದಿಲ್ಲ, ಅಲ್ವಾ. ಈಗ ಬಟ್ಟೆಯ ಮೇಲೂ ಅಚ್ಚು ಹಾಕುತ್ತಾರೆ, ಫೈಲ್ ಸೈಜು ಮಾತ್ರ ಅಷ್ಟೇ.)

32 ಜಿಬಿಯಲ್ಲಿ ಈ ಬ್ಯಾನರ್ ಕೆಲಸ ತಡವರಿಸದೆ ಸಾಗುತ್ತದೆ, ಪಕ್ಕದಲ್ಲಿ ಕೋರಲ್‌ಡ್ರಾ, ಕ್ರೋಮ್ ಎಲ್ಲ ತೆರೆದಿದ್ದರೂ. ಒಂದು ಎಚ್ಚರಿಕೆ: ಒಂದೇ 32ರ ಕಡ್ಡಿ ಕೊಡಲು ಬಂದರೆ ಬೇಡ ಅನ್ನಿ, 16ರ ಎರಡು ಕೇಳಿ. ಕಾರ್ಡ್ ಇಲ್ಲದ ಮೆಷಿನ್‌ನಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್ ಗತಿ, ಎರಡು ಕಡ್ಡಿ ಇದ್ದರೆ ದಾರಿ ಎರಡು ಪಟ್ಟು ಅಗಲ. ಹಾಗಂತ ನಾಲ್ಕು ಕಡ್ಡಿ ತುಂಬಿದರೆ ಈ ಬೋರ್ಡ್‌ಗಳಲ್ಲಿ ರ‍್ಯಾಮ್ ವೇಗ ಇಳಿಯುತ್ತದೆ. ಮುಂದೆ 64 ಬೇಕಾದರೆ ಎರಡೂ ತೆಗೆದು 32ರ ಜೋಡಿ ಹಾಕಬೇಕು. ಬೇಸರದ ಸಂಗತಿ ಅಂದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಮೇಲೆ ಮೇಲೆ ಹೋಗಿದೆ, ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿವೆ. ಶಿವಮೊಗ್ಗದಲ್ಲಿ ಮದುವೆ ಕಾರ್ಡ್ ಮಾಡುವವನು ಅದಕ್ಕೆ ದಂಡ ಕಟ್ಟಬೇಕು.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಹೇಗೆ ಅಂದರೆ, ಕೋರಲ್‌ಡ್ರಾಗೆ, ಇನ್‌ಡಿಸೈನ್‌ಗೆ, ಇಲಸ್ಟ್ರೇಟರ್‌ಗೆ ಏನೂ ಗೊತ್ತಾಗುವುದಿಲ್ಲ. ಫೋಟೋಶಾಪ್‌ನ ಜನರೇಟಿವ್ ಫಿಲ್‌ಗೆ ದೊಡ್ಡ ಕಾರ್ಡ್ ಬೇಕು ಅಂತ ಒಂದು ಅಂಗಡಿಯಲ್ಲಿ ನನಗೆ ಹೇಳಿದರು. ಸುಳ್ಳು. ಅದು ನಡೆಯುವುದು ಅಡೋಬಿಯ ಸರ್ವರ್‌ನಲ್ಲಿ, ಬೇಕಾದ್ದು ಇಂಟರ್ನೆಟ್. ಕಾರ್ಡ್ ನಿಜವಾಗಿ ಕೆಲಸಕ್ಕೆ ಬರುವುದು ಫೋಟೋಶಾಪ್ ಜೊತೆ ಬರುವ ಕ್ಯಾಮೆರಾ ರಾದಲ್ಲಿ ಎಐ ಡಿನಾಯ್ಸ್ (ಫೋಟೋದ ಕಾಳುಕಾಳು ತೆಗೆಯುವುದು) ಮಾಡುವಾಗ, ಅದು ನಮ್ಮ ಮೆಷಿನ್‌ನಲ್ಲೇ ಆಗುತ್ತದೆ, ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಗೂ ಕಾಫಿ ಕುಡಿದು ಬರಬಹುದು. ಹಾಗಾಗಿ ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರಿಗೆ ನನ್ನ ಮೆಷಿನ್ ಸರಿಹೋಗುವುದಿಲ್ಲ, ಅವರು 8 ಜಿಬಿಯ ಆರ್‌ಟಿಎಕ್ಸ್ 4060 ಥರದ್ದು ಹಾಕಿಸಿಕೊಳ್ಳಲಿ. 4ಕೆ ಸ್ಕ್ರೀನ್ ಇಡುವವರಿಗೂ ಅಡೋಬಿ 4 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು ಅನ್ನುತ್ತದೆ. ಬಿ650 ಬೋರ್ಡ್‌ನಲ್ಲಿ ಕಾರ್ಡ್‌ಗೆ ಸ್ಲಾಟ್ ಇದ್ದೇ ಇದೆ, ಯಾವಾಗ ಬೇಕಾದರೂ ಹಾಕಬಹುದು, ಪವರ್ ಸಪ್ಲೈ ಮಾತ್ರ ಮೊದಲೇ 550 ವ್ಯಾಟ್‌ನದ್ದು, ಒಳ್ಳೆಯದು ತೆಗೆದುಕೊಂಡಿರಿ. ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಈ ಎಎಂ5 ಸಾಕೆಟ್‌ಗೆ 2027ರವರೆಗಾದರೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ, ಅದೂ ಒಂದು ಕಾರಣ.

ಕನ್ನಡ ಹೇಗೆ ಬರುತ್ತದೆ ಅನ್ನುವುದಕ್ಕೆ ಮೆಷಿನ್‌ಗಿಂತ ಸೆಟ್ಟಿಂಗ್ ಮುಖ್ಯ. ಹೊಸ ಮೆಷಿನ್‌ನಲ್ಲಿ ಫೋಟೋಶಾಪ್ ಹಾಕಿ ಯೂನಿಕೋಡ್ (ಫೋನ್, ವೆಬ್ ಎಲ್ಲ ಕಡೆ ಓದಲು ಬರುವ) ಕನ್ನಡ ಪೇಸ್ಟ್ ಮಾಡಿದಾಗ ಒತ್ತಕ್ಷರ ಒಡೆದು ಅರ್ಧಾಕ್ಷರ ಸಾಲಾಗಿ ನಿಂತರೆ ಗಾಬರಿ ಬೇಡ. ಅಕ್ಷರದ ಸೆಟ್ಟಿಂಗ್‌ಗಳಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಹುಡುಕಿ, ಆನ್ ಮಾಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ಕೆ ಮಾಡಿ. ಇಷ್ಟೇ ಗೊತ್ತಿಲ್ಲದೆ ಮೆಷಿನ್ ವಾಪಸ್ ತೆಗೆದುಕೊಂಡು ಹೋದವರನ್ನು ಬಲ್ಲೆ. ಗ್ರಾಹಕರು ವಾಟ್ಸಾಪ್‌ನಲ್ಲಿ ಕಳಿಸುವುದೆಲ್ಲ ಯೂನಿಕೋಡ್, ನಮ್ಮ ಹಳೇ ಅಂದದ ಫಾಂಟ್‌ಗಳೆಲ್ಲ ಯೂನಿಕೋಡ್‌ಗಿಂತ ಹಿಂದಿನ ಆಸ್ಕಿ ಪದ್ಧತಿಯವು, ನಡುವೆ ಕನ್ವರ್ಟರ್, ಆ ಕನ್ವರ್ಟರ್‌ನಲ್ಲಿ ಅರ್ಕಾವತ್ತು ಒಂದೊಂದು ಸಲ ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಎಷ್ಟೇ ವೇಗದ ಪ್ರೊಸೆಸರ್ ತಂದರೂ ಈ ಪ್ರೂಫ್ ಕಣ್ಣಲ್ಲೇ ನೋಡಬೇಕು. ಹೊಸ ಕೆಲಸಗಳನ್ನು ನಾನು ಆದಷ್ಟು ಯೂನಿಕೋಡ್‌ನಲ್ಲೇ ಮಾಡುತ್ತೇನೆ. ಅನೇಕ್ ಕನ್ನಡ, ಬಾಲೂ ತಮ್ಮ 2, ನೋಟೊ ಸೆರಿಫ್ ಕನ್ನಡ, ತೀರೊ ಕನ್ನಡ ಇವೆಲ್ಲ ಪುಕ್ಕಟೆ ಸಿಗುತ್ತವೆ, ಮುಖಪುಟಕ್ಕೆ ಚೆನ್ನಾಗಿಯೂ ಇವೆ.

ಕೊಂಡದ್ದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ. ಚಿಕ್ಕಪೇಟೆ ಮೆಟ್ರೊ ಇಳಿದರೆ ನಡೆದು ಹೋಗುವ ದೂರ. ಅಂಗಡಿಗಳ ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಹೋಗಿ, ಕೈಯಲ್ಲಿ ಮಾಡೆಲ್ ನಂಬರ್ ಸಮೇತ ಚೀಟಿ ಇಟ್ಟುಕೊಂಡು ಮೂರು ನಾಲ್ಕು ಕಡೆ ಕೊಟೇಶನ್ ಬರೆಸಿಕೊಳ್ಳಿ. ಪ್ರೊಸೆಸರ್ ಬೆಲೆಯಲ್ಲಿ ಎಲ್ಲರೂ ಹತ್ತಿರ ಹತ್ತಿರ. ಆಟ ನಡೆಯುವುದು ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿಯಲ್ಲಿ. ಒಂದು ಕಡೆ ಚೀಟಿಯಲ್ಲಿ ಬರೆದ ಪವರ್ ಸಪ್ಲೈ ಬದಲು "ಅದೇ ಥರದ್ದು ಸಾರ್" ಅಂತ ಹೆಸರು ಕೇಳದ ಒಂದು ಡಬ್ಬ ಮುಂದಿಟ್ಟರು. ಎದ್ದು ಬಂದೆ. ಕೊನೆಗೆ ಕೊಂಡ ಅಂಗಡಿಯಲ್ಲಿ ಜೋಡಿಸುವ ಹುಡುಗ ಎದುರಿಗೇ ಎಲ್ಲ ಡಬ್ಬ ಒಡೆದ, ಕೇಬಲ್ ಅಚ್ಚುಕಟ್ಟಾಗಿ ಕಟ್ಟಿದ, ಬಯಾಸ್‌ಗೆ ಹೋಗಿ ರ‍್ಯಾಮ್ ಎಕ್ಸ್‌ಪೋ (ಅದು ಪೂರ್ತಿ ವೇಗದಲ್ಲಿ ಓಡುವ ಸೆಟ್ಟಿಂಗ್) ಆನ್ ಮಾಡಿ ಕೊಟ್ಟ, ಅದನ್ನು ಕೇಳದೇ ಮಾಡುವವರು ಕಡಿಮೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಫ್ರೀಯಾಗಿ ಹಾಕಿ ಕೊಡುತ್ತೇನೆ ಅಂದರು, ಬೇಡ ಅಂದೆ. ಆ ಫೈಲ್‌ಗಳ ಜೊತೆ ವೈರಸ್ ಬಂದು ಇಡೀ ಪ್ರೆಸ್‌ನ ಫೈಲ್‌ಗಳು ಲಾಕ್ ಆದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಿಪಿಯು ಡಬ್ಬ, ಸ್ಕ್ರೀನ್ ಎರಡೂ ಸೇರಿ ಒಂದು ಲಕ್ಷ ದಾಟಿತು, ನೀವು ಹೋಗುವ ದಿನ ರ‍್ಯಾಮ್ ಬೆಲೆ ಎಷ್ಟಿರುತ್ತದೋ ಅದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.

ಬೋರ್ಡ್‌ನ ಹಿಂದೆ ಸ್ಕ್ರೀನಿನ ಕೇಬಲ್ ಚುಚ್ಚುವ ಡಿಸ್ಪ್ಲೇಪೋರ್ಟ್ ಇದೆಯಾ ನೋಡಿ ತೆಗೆದುಕೊಳ್ಳಿ, ಕಾರ್ಡ್ ಇಲ್ಲದವರಿಗೆ ಇದು ಮುಖ್ಯ. ಯುಪಿಎಸ್ ಬೇಕೇ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಯಾರಿಗೆ ಗೊತ್ತು? ಕಾರ್ಡ್ ಇಲ್ಲದಿರುವುದರಿಂದ 600 ವಿಎ ಯುಪಿಎಸ್‌ನಲ್ಲೇ ಫೈಲ್ ಸೇವ್ ಮಾಡಿ ನಿಧಾನಕ್ಕೆ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ. ಕಾರ್ಡ್ ಹಾಕಿದರೆ 1000 ವಿಎ ನೋಡಿ.

ನಿಮ್ಮ ಪ್ರೆಸ್‌ಗೆ ಜಿಎಸ್‌ಟಿ ನಂಬರ್ ಇದ್ದರೆ ಬಿಲ್ ಅದರ ಹೆಸರಲ್ಲೇ ಮಾಡಿಸಿ, 18% ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ, ಸ್ಕ್ರೀನ್‌ನ ವಾರಂಟಿ ಕೇಳುವಾಗ ಮೊದಲು ಕೇಳುವುದೇ ಆ ಕಾಗದ. ಸ್ಕ್ರೀನ್‌ನ ದೊಡ್ಡ ಡಬ್ಬವನ್ನೂ ಬಿಸಾಡದೆ ಅಟ್ಟದ ಮೇಲೆ ಇಟ್ಟುಕೊಳ್ಳಿ.